ಎರಡು ಆಲ್ಬಂ ನಡುವೆ ಹದಿನೈದು ವರ್ಷ: ಅಷ್ಟು ದಿನ ಏನು ಮಾಡ್ತಾರೆ?

ನಿಮ್ಮ ಪ್ರಶ್ನೆ ಇದು: ಕೆಲವು ಗಾಯಕರು, ಬ್ಯಾಂಡ್‌ಗಳು ಒಂದು ಆಲ್ಬಂ ಮಾಡಿ ಆಮೇಲೆ ಹತ್ತು, ಹದಿನೈದು ವರ್ಷ ಸುಮ್ನೆ ಇದ್ದುಬಿಡುತ್ತಾರೆ. ಇದು ಸೋಮಾರಿತನವಾ? ಅಷ್ಟು ಕಾದದ್ದಕ್ಕೆ ಏನಾದರೂ ಸಿಗುತ್ತಾ?

ಸೋಮಾರಿತನ ಖಂಡಿತ ಅಲ್ಲ. ಕಾದದ್ದಕ್ಕೆ ಸಿಗುತ್ತಾ ಎಂಬುದು ಮಾತ್ರ ಆ ವರ್ಷಗಳು ಎಲ್ಲಿ ಕಳೆದವು ಎಂಬುದರ ಮೇಲಿದೆ. ಸ್ಟುಡಿಯೋದೊಳಗೇ ಕೂತು ಅದೇ ಹಾಡನ್ನು ತಿದ್ದುತ್ತಾ ಕಳೆದರೆ ಹಾಡು ದಣಿಯುತ್ತದೆ. ಹೊರಗೆ ಬದುಕಿ, ಕಲಿತು, ಮತ್ತೆ ಬಂದರೆ ಆ ವರ್ಷಗಳು ದನಿಯಲ್ಲಿ ಕೇಳುತ್ತವೆ. ಇದು ನನ್ನ ಅಭಿಪ್ರಾಯ. ಬಹಳ ವರ್ಷ ಕೇಳಿ ಬಂದದ್ದು.

ನಾನು ಹುಬ್ಬಳ್ಳಿಯ ಕೊಪ್ಪಿಕರ್ ರಸ್ತೆ ಹತ್ತಿರ ಕ್ಯಾಸೆಟ್, ಸಿಡಿ ಅಂಗಡಿ ನಡೆಸಿದವನು. ಸಿನಿಮಾ ಹಾಡು, ವಚನ, ತತ್ವಪದ ಜಾಸ್ತಿ ಹೋಗುತ್ತಿದ್ದವು. ಇಂಗ್ಲಿಷ್ ರಾಕ್‌ಗೆ ಒಂದೇ ಸಾಲು. ಅದಕ್ಕೆ ಗಿರಾಕಿಗಳು ವಿದ್ಯಾನಗರ ಕಡೆಯ ಇಂಜಿನಿಯರಿಂಗ್ ಹುಡುಗರು. “ಅಣ್ಣಾರ, ಗನ್ಸ್ ಅಂಡ್ ರೋಸಸ್ ಹೊಸಾದು ಬಂತೇನ್ರೀ?” ಅಂತ ಬಂದಾಗಲೆಲ್ಲ ಕೇಳುವವರು. 1993ರಲ್ಲಿ ಆ ಬ್ಯಾಂಡ್ ಬೇರೆಯವರ ಹಾಡುಗಳನ್ನು ಹಾಡಿ ಒಂದು ಆಲ್ಬಂ ತಂದಿತ್ತು. ಅದರ ಮುಂದಿನದು ‘ಚೈನೀಸ್ ಡೆಮಾಕ್ರಸಿ’. ಅದು ಬಂದದ್ದು 2008ರಲ್ಲಿ. ಅಷ್ಟರಲ್ಲಿ ಆ ಹುಡುಗರು ಓದು ಮುಗಿಸಿ, ಕೆಲಸ ಹಿಡಿದು, ಊರು ಬಿಟ್ಟಿದ್ದರು. ಕ್ಯಾಸೆಟ್ ಹೋಗಿ ಸಿಡಿ ಬಂದಿತ್ತು. ಸಿಡಿಯನ್ನು ಎಂಪಿ3 ತಿಂದುಹಾಕುತ್ತಿತ್ತು.

ನಡುವೆ ನಡೆದದ್ದು ಇಷ್ಟು. 1996ರಲ್ಲಿ ಗಿಟಾರ್‌ನ ಸ್ಲ್ಯಾಶ್ ಬಿಟ್ಟುಹೋದರು. ಮರುವರ್ಷ ಬೇಸ್ ನುಡಿಸುತ್ತಿದ್ದ ಡಫ್. ಉಳಿದ ಹಾಡುಗಾರ ಆ್ಯಕ್ಸೆಲ್ ರೋಸ್ ಹೊಸಬರನ್ನು ಕರೆತಂದರು, ಅವರೂ ಹೋದರು, ಮತ್ತೊಬ್ಬರು ಬಂದರು. ಅದೇ ಹಾಡುಗಳ ಮೇಲೆ ಮತ್ತೆ ಮತ್ತೆ ರೆಕಾರ್ಡಿಂಗ್. ಸುಮಾರು 1.3 ಕೋಟಿ ಡಾಲರ್ ಖರ್ಚಾಗಿದೆ ಎಂದು 2005ರಲ್ಲೇ ನ್ಯೂಯಾರ್ಕ್ ಟೈಮ್ಸ್ ಬರೆದಿತ್ತು. ಆ ಆಲ್ಬಂ ನಾನು ಗಮನ ಕೊಟ್ಟು ಕೇಳಿದ್ದೇನೆ. ಹಾಡುಗಳು ಕೆಟ್ಟದಾಗಿಲ್ಲ, ಆ್ಯಕ್ಸೆಲ್ ದನಿಯೂ ಗಟ್ಟಿಯಾಗಿದೆ. ಆದರೆ ಒಂದೊಂದು ಹಾಡಿನಲ್ಲೂ ಎಷ್ಟೋ ಜನರ ಕೈ ಒಂದರ ಮೇಲೊಂದು ಕೂತಿದೆ. ಗಾಳಿ ಆಡಲು ಜಾಗವೇ ಇಲ್ಲ. ಸಾಕು ಅಂತ ಹೇಳುವ ಒಬ್ಬ ಗೆಳೆಯ ಆ ಕೋಣೆಯಲ್ಲಿ ಇದ್ದಿದ್ದರೆ ಅಂತ ನನಗೆ ಈಗಲೂ ಅನಿಸುತ್ತದೆ.

ಇಂಗ್ಲೆಂಡಿನ ಗಾಯಕಿ ಕೇಟ್ ಬುಷ್ ಕಥೆ ಇದಕ್ಕೆ ಪೂರ್ತಿ ಬೇರೆ. ಅವರ ‘ದಿ ರೆಡ್ ಶೂಸ್’ 1993ರದು. ಅದರ ಹಿಂದಿನ ವರ್ಷವೇ ತಾಯಿ ತೀರಿಕೊಂಡಿದ್ದರು. ಮುಂದಿನ ಆಲ್ಬಂ ‘ಏರಿಯಲ್’ ಬಂದದ್ದು 2005ರಲ್ಲಿ. ನಡುವೆ 1998ರಲ್ಲಿ ಮಗ ಹುಟ್ಟಿದ. ಮನೆ, ಮಗು, ಅಡುಗೆ ಅಂತ ಇದ್ದರು. ಅಲ್ಲಿನ ಪತ್ರಿಕೆಗಳು ಇವರಿಗೆ ಏನೋ ಆಗಿದೆ, ಮನೆಯಿಂದ ಹೊರಗೇ ಬರುವುದಿಲ್ಲ ಅಂತೆಲ್ಲ ಬರೆದವು. ಏನೂ ಆಗಿರಲಿಲ್ಲ. ಮನೆಯಲ್ಲಿ ತಾಯಿಯೊಬ್ಬಳು ಮಗು ಬೆಳೆಸುತ್ತಿದ್ದಳು, ಬಿಡುವಾದಾಗ ಹಾಡು ಕಟ್ಟುತ್ತಿದ್ದಳು. ‘ಏರಿಯಲ್’ ಕೇಳಿದರೆ ಆ ಹನ್ನೆರಡು ವರ್ಷ ಎಲ್ಲಿ ಹೋದವು ಅಂತ ಗೊತ್ತಾಗುತ್ತದೆ. ಮಗನ ಬಗ್ಗೆ ಒಂದು ಹಾಡಿದೆ. ವಾಷಿಂಗ್ ಮಷಿನ್‌ನಲ್ಲಿ ಬಟ್ಟೆ ತಿರುಗುವುದನ್ನು ನೋಡುತ್ತಾ ಕೂತ ಹೆಂಗಸಿನ ಹಾಡಿದೆ. ಎರಡನೇ ಡಿಸ್ಕ್ ಪೂರ್ತಿ ಒಂದು ಹಗಲು, ಒಂದು ರಾತ್ರಿ, ಮತ್ತೆ ಬೆಳಗು. ನಡುನಡುವೆ ಹಕ್ಕಿಗಳ ದನಿ. ವರ್ಷಕ್ಕೊಂದು ಆಲ್ಬಂ ಮಾಡುವ ಓಟದಲ್ಲಿದ್ದವರಿಗೆ ಇದು ಸಿಗುವುದಿಲ್ಲ.

ಎಲ್ಲರ ಗ್ಯಾಪ್ ಹೀಗೆ ನೆಮ್ಮದಿಯದ್ದಲ್ಲ. ಅಮೆರಿಕದ ಗಾಯಕ ಡಿಏಂಜೆಲೊ 2000ದಲ್ಲಿ ‘ವೂಡೂ’ ಆಲ್ಬಂ ತಂದರು. ಅದರ ಒಂದು ವಿಡಿಯೊದಲ್ಲಿ ಅವರು ಬರಿಮೈಯಲ್ಲಿ ನಿಂತು ಹಾಡಿದ್ದರು. ಆಮೇಲಿನ ಕಾರ್ಯಕ್ರಮಗಳಲ್ಲಿ ಜನ ಹಾಡು ಕೇಳುವ ಬದಲು ಅಂಗಿ ಬಿಚ್ಚು ಅಂತ ಕೂಗತೊಡಗಿದರು. ಆ ಸಂಗೀತಕ್ಕೆ ಪಟ್ಟ ಶ್ರಮ ಎಷ್ಟು, ಜನಕ್ಕೆ ಬೇಕಾದದ್ದು ಏನು! ಅವರು ಒಳಗೇ ಕುಸಿದರು. ಕುಡಿತ, ಡ್ರಗ್ಸ್, 2005ರಲ್ಲಿ ದೊಡ್ಡ ಕಾರ್ ಅಪಘಾತ. ‘ಬ್ಲ್ಯಾಕ್ ಮಸೈಯಾ’ ಬಂದದ್ದು 2014ರ ಡಿಸೆಂಬರ್‌ನಲ್ಲಿ. 2025ರ ಅಕ್ಟೋಬರ್‌ನಲ್ಲಿ, 51ನೇ ವಯಸ್ಸಿಗೆ, ಕ್ಯಾನ್ಸರ್‌ನಿಂದ ಹೋಗಿಬಿಟ್ಟರು. ಇಡೀ ಬದುಕಿನಲ್ಲಿ ಮೂರೇ ಸ್ಟುಡಿಯೋ ಆಲ್ಬಂ. ಇವರನ್ನು ಸೋಮಾರಿ ಅಂದರೆ ನನಗೆ ನಿಜವಾಗಿ ನೋವಾಗುತ್ತದೆ.

ಕೆಲವರಿಗೆ ಅಡ್ಡಿ ಹೊರಗಿನಿಂದಲೇ ಬಂದಿರುತ್ತದೆ. ಟೂಲ್ ಬ್ಯಾಂಡ್‌ಗೆ 2006ರಿಂದ 2019ರವರೆಗೆ ಹೊಸ ಆಲ್ಬಂ ಇಲ್ಲ. ಅದರಲ್ಲಿ ಎಷ್ಟೋ ವರ್ಷ ವಿಮೆ ಕಂಪನಿ ಜತೆಗಿನ ಕೋರ್ಟ್ ಕೇಸಿಗೇ ಹೋಯಿತು. ಆಸ್ಟ್ರೇಲಿಯಾದ ಅವಲಾಂಚಸ್ ಹಳೇ ರೆಕಾರ್ಡುಗಳ ಸಾವಿರಾರು ತುಣುಕು ಜೋಡಿಸಿ ಹಾಡು ಮಾಡುವವರು. ಪ್ರತಿ ತುಣುಕಿಗೂ ಅನುಮತಿ ಬೇಕು. ಜತೆಗೆ ಒಬ್ಬರಿಗೆ ದೀರ್ಘ ಕಾಯಿಲೆ. 2000ದ ಆಲ್ಬಂ ಆದ ಮೇಲೆ ಮುಂದಿನದು 2016ಕ್ಕೆ. ಸ್ವೀಡನ್ನಿನ ಅಬ್ಬಾ ಬ್ಯಾಂಡಿನವರ 1981ರಿಂದ 2021ರ ನಲವತ್ತು ವರ್ಷವನ್ನು ನಾನು ಈ ಲೆಕ್ಕಕ್ಕೆ ಸೇರಿಸುವುದಿಲ್ಲ. ಅವರು ಬೇರೆಯಾಗಿ, ಮತ್ತೆ ಕೂಡಿದವರು.

ನಮ್ಮ ಹುಬ್ಬಳ್ಳಿ-ಧಾರವಾಡ ಕಡೆಯವರಿಗೆ ಈ ಪ್ರಶ್ನೆ ಸ್ವಲ್ಪ ವಿಚಿತ್ರ ಅನಿಸಬಹುದು. ಇಲ್ಲಿ ರೆಕಾರ್ಡು ಯಾವತ್ತೂ ಸಂಗೀತಗಾರರ ಅಳತೆಗೋಲು ಆಗಿರಲಿಲ್ಲ. ಮಲ್ಲಿಕಾರ್ಜುನ ಮನ್ಸೂರರು 1930ರ ದಶಕದಲ್ಲೇ ಎಚ್‌ಎಂವಿ ರೆಕಾರ್ಡು ಕಂಪನಿಗೆ ಹಾಡಿದವರು. ಪ್ಲೇಟು ಬಂದಿದೆ, ಹೆಸರಾಗಿದೆ, ಇನ್ನೇನು ಅಂತ ಕೂರಲಿಲ್ಲ. ಮಂಜೀಖಾನರ ಹತ್ತಿರ, ಅವರು ತೀರಿದ ಮೇಲೆ ಬುರ್ಜಿಖಾನರ ಹತ್ತಿರ ತಾಲೀಮು ಮಾಡಿದರು. ಗಂಗೂಬಾಯಿ ಹಾನಗಲ್ಲರ ಮೊದಲ ಪ್ಲೇಟುಗಳೂ ಅದೇ ದಶಕದವು. ಆಮೇಲೆ ಅವರು ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿ ಸವಾಯಿ ಗಂಧರ್ವರ ಮುಂದೆ ಕೂತು ಕಲಿತರು. ಮೊದಲು ರೆಕಾರ್ಡು, ಆಮೇಲೆ ಗಟ್ಟಿ ಕಲಿಕೆ. ಇವತ್ತಿನ ಲೆಕ್ಕದಲ್ಲಿ ಅದೂ ಗ್ಯಾಪ್ ಅಲ್ವಾ? ಆ ಗ್ಯಾಪ್‌ನಲ್ಲೇ ನಾವು ಇವತ್ತು ಕೈಮುಗಿಯುವ ಮನ್ಸೂರರು, ಗಂಗೂಬಾಯಿಯವರು ತಯಾರಾದರು.

ಪಕ್ಕದ ಬೆಳಗಾವಿ ಸುಳೇಭಾವಿಯ ಕುಮಾರ ಗಂಧರ್ವರಿಗೆ ಇನ್ನೂ ಕಠಿಣ ಕಾಲ ಬಂತು. ಚಿಕ್ಕ ಹುಡುಗನಾಗಿದ್ದಾಗಲೇ ಹೆಸರು ಮಾಡಿದವರು. 1940ರ ದಶಕದ ಕೊನೆಯಲ್ಲಿ ಕ್ಷಯ ಹಿಡಿಯಿತು. ಮಧ್ಯಪ್ರದೇಶದ ದೇವಾಸ್‌ನಲ್ಲಿ ವರ್ಷಗಟ್ಟಲೆ ಹಾಸಿಗೆ. ಹಾಡುವುದು ಬಂದ್. ಮಲಗಿದಲ್ಲೇ ಮಾಳವದ ಹೆಂಗಸರ ಜನಪದ ಹಾಡು ಕೇಳುತ್ತಿದ್ದರು. ಎದ್ದು ಹಾಡಿದಾಗ ಉಸಿರಿನ ನಡಿಗೆಯೇ ಬದಲಾಗಿತ್ತು. ಕೇಳಿದ ಆ ಧುನ್‌ಗಳಿಂದ ಹೊಸ ರಾಗಗಳು ಹುಟ್ಟಿದವು.

ಒಂದು ಮಾತು ಮಾತ್ರ ಬಿಡಬಾರದು. ಹದಿನೈದು ವರ್ಷ ಕಾಯಿಸಲು ಕೈಯಲ್ಲಿ ಹಣ ಬೇಕು. ಹಳೇ ಆಲ್ಬಂನ ರಾಯಲ್ಟಿ ಬರುತ್ತಿದ್ದರೆ ಕಾಯಬಹುದು. ಇಂಗ್ಲೆಂಡಿನ ವಾಷ್ಟಿ ಬನ್ಯನ್ ಕುದುರೆ ಗಾಡಿಯಲ್ಲಿ ಊರೂರು ದಾಟಿ ಸ್ಕಾಟ್ಲೆಂಡಿನ ದ್ವೀಪಗಳ ಕಡೆ ಹೋಗುತ್ತಾ ಹಾಡು ಕಟ್ಟಿದರು. 1970ರಲ್ಲಿ ಆಲ್ಬಂ ಬಂತು. ಯಾರೂ ಕೊಳ್ಳಲಿಲ್ಲ. ಅವರು ಸಂಗೀತವನ್ನೇ ಬಿಟ್ಟು ಮಕ್ಕಳು, ದನಕರು ಸಾಕಿದರು. 2000ದಲ್ಲಿ ಅದು ಮರುಮುದ್ರಣವಾದಾಗ ಹೊಸ ಕೇಳುಗರು ಹುಡುಕಿಕೊಂಡು ಬಂದರು. ಎರಡನೇ ಆಲ್ಬಂ ‘ಲುಕ್‌ಆಫ್ಟರಿಂಗ್’ 2005ರದು. ಅದನ್ನು ಕೇಳುವಾಗ ನನಗೆ ಗದಗಿನ ಒಬ್ಬ ಹಾಡುಗಾರರು ನೆನಪಾಗುತ್ತಾರೆ. ಪುಣ್ಯಾಶ್ರಮದಲ್ಲಿ ಕಲಿತವರು. ಅವರ ಒಂದೇ ವಚನದ ಕ್ಯಾಸೆಟ್ ನನ್ನ ಅಂಗಡಿಯಲ್ಲಿ ಚೆನ್ನಾಗಿ ಹೋಗಿತ್ತು. ಕಂಪನಿಯವರು ಒಂದು ಸಲ ಸ್ವಲ್ಪ ದುಡ್ಡು ಕೊಟ್ಟು ಕೈತೊಳೆದುಕೊಂಡರು. ಎರಡನೇದು ಬರಲೇ ಇಲ್ಲ. ಅವರು ಹಾಡುವುದು ನಿಲ್ಲಿಸಿಲ್ಲ. ಮಕ್ಕಳಿಗೆ ಪಾಠ ಹೇಳುತ್ತಾರೆ, ಜಾತ್ರೆಯಲ್ಲಿ ಹಾಡುತ್ತಾರೆ. ದನಿ ಮೊದಲಿಗಿಂತ ಮಾಗಿದೆ. ಇಂಥವರ ಗ್ಯಾಪ್ ಬಗ್ಗೆ ಯಾರೂ ಪ್ರಶ್ನೆ ಕೇಳುವುದಿಲ್ಲ. ಕೇಳಬೇಕು.

ನೀವೇ ಪರೀಕ್ಷೆ ಮಾಡಬೇಕೆಂದರೆ ಮೊದಲು ‘ಏರಿಯಲ್’ನ ಎರಡನೇ ಡಿಸ್ಕ್ ನಿಲ್ಲಿಸದೆ ಕೇಳಿ. ಆಮೇಲೆ ಕುಮಾರ ಗಂಧರ್ವರು ಕಾಯಿಲೆಗೆ ಮೊದಲು ಹಾಡಿದ ಹಳೇ 78 ಆರ್‌ಪಿಎಂ ಪ್ಲೇಟೊಂದು, ಗುಣವಾದ ಮೇಲಿನ ರೆಕಾರ್ಡಿಂಗ್ ಒಂದು, ಎರಡನ್ನೂ ಬೆನ್ನಿಗೆ ಬೆನ್ನು ಹಾಕಿ ಕೇಳಿ. ಯೂಟ್ಯೂಬ್‌ನಲ್ಲಿ ಹುಡುಕಿದರೆ ಸಿಗುತ್ತವೆ. ಇಯರ್‌ಫೋನ್ ಹಾಕಿಕೊಂಡರೆ ಉಸಿರು ಎಲ್ಲಿ ತೆಗೆದುಕೊಳ್ಳುತ್ತಾರೆ ಅನ್ನುವುದೂ ತಿಳಿಯುತ್ತದೆ.