ಗಾಡಿ ಮಾತು: ತಾತನ ಪದ್ಮಿನಿಯ ಸ್ಪ್ರಿಂಗ್ ಕತ್ತರಿಸಬೇಕಾ?

ಪ್ರಶ್ನೆ: ನಮಸ್ಕಾರ ಸರ್. ನಮ್ಮ ತಾತ 1974ರಲ್ಲಿ ತಗೊಂಡ ಪ್ರೀಮಿಯರ್ ಪದ್ಮಿನಿ ಈಗ ನನ್ನ ಹತ್ತಿರ ಇದೆ. ಎಂಜಿನ್ ಕೆಲಸ, ಟಿಂಕರಿಂಗ್, ಪೇಂಟ್ ಎಲ್ಲಾ ಮುಗಿದಿದೆ. 14 ಇಂಚಿನ ಅಲಾಯ್‌ಗೆ 165/65 ಟೈರ್ ಹಾಕಿಸಿದ್ದೇನೆ. ಗಾಡಿ ನೆಲಕ್ಕೆ ಹತ್ತಿರ ಕೂತ ಹಾಗೆ ಕಾಣಬೇಕು ಅಂತ ಆಸೆ. ಇಲ್ಲಿನ ಒಂದು ಗ್ಯಾರೇಜಿನಲ್ಲಿ ಕೇಳಿದೆ. ಮುಂದಿನ ಸ್ಪ್ರಿಂಗ್ ಎರಡು ಸುತ್ತು ಕತ್ತರಿಸಿದರೆ ಸಾಕು, ಒಂದು ಮಧ್ಯಾಹ್ನದ ಕೆಲಸ ಅಂದರು. ಗೆಳೆಯರು ಏರ್ ಸಸ್ಪೆನ್ಷನ್ ಹಾಕಿಸು ಅನ್ನುತ್ತಾರೆ. ಯಾವುದು ಮಾಡಿಸಲಿ?
– ಓದುಗರು, ತುಮಕೂರು

ಉತ್ತರ: ಸ್ಪ್ರಿಂಗ್ ಕತ್ತರಿಸಬೇಡಿ. ನಿಮ್ಮ ಆಸೆ ತಪ್ಪು ಅಂತ ನಾನು ಹೇಳುವುದಿಲ್ಲ. ಪದ್ಮಿನಿಯ ಚಕ್ರದ ಮೇಲೆ ಖಾಲಿ ಜಾಗ ಒಂಚೂರು ಕಡಿಮೆಯಾದರೆ ಗಾಡಿ ಎಷ್ಟು ಚಂದ ಕಾಣುತ್ತದೆ ಅಂತ ನನಗೂ ಗೊತ್ತು. ಆದರೆ ಗ್ರೈಂಡರ್ ಕೈಗೆ ತಗೊಳ್ಳುವ ಮುಂಚೆ ಟೇಪ್ ತಗೊಳ್ಳಿ.

ಗಾಡಿಯನ್ನು ಸಮತಟ್ಟಾದ ನೆಲದ ಮೇಲೆ ನಿಲ್ಲಿಸಿ. ಚಕ್ರದ ನಡುಮಧ್ಯದಿಂದ ಮೇಲಿನ ಫೆಂಡರ್ ಅಂಚಿನವರೆಗೆ ನಾಲ್ಕೂ ಕಡೆ ಅಳೆದು ಬರೆದಿಡಿ. ಐವತ್ತು ವರ್ಷ ಭಾರ ಹೊತ್ತ ಸ್ಪ್ರಿಂಗ್ ತಾನಾಗಿಯೇ ಕೂತುಬಿಟ್ಟಿರುತ್ತದೆ. ನನ್ನ ಗ್ಯಾರೇಜಿಗೆ ಬರುವ ಹಳೇ ಫಿಯೆಟ್‌ಗಳಲ್ಲಿ (ಪದ್ಮಿನಿಯ ಮೂಲ ಅದೇ) ಡ್ರೈವರ್ ಕಡೆ ಒಂದು ಬೆರಳಷ್ಟು ಜಾಸ್ತಿ ಇಳಿದಿರುವುದನ್ನು ಎಷ್ಟೋ ಸಲ ನೋಡಿದ್ದೇನೆ. ಯಾಕೆ ಅಂದರೆ ಆ ಸೀಟು ಯಾವತ್ತೂ ಖಾಲಿ ಓಡಿದ್ದಿಲ್ಲ. ಟೈರಿನ ಲೆಕ್ಕವೂ ಇದೆ. ಕಂಪನಿ ಕೊಟ್ಟಿದ್ದ 5.20-14 ಟೈರಿನ ಎತ್ತರ ಹೆಚ್ಚುಕಡಿಮೆ 60 ಸೆಂ.ಮೀ. ನೀವು ಹಾಕಿಸಿರುವುದು 57. ಅದರಲ್ಲಿ ಅರ್ಧ, ಅಂದರೆ ಒಂದೂವರೆ ಸೆಂ.ಮೀ. ಗಾಡಿ ಈಗಾಗಲೇ ಇಳಿದಿದೆ. ಹಾಗೇ ನಿಮ್ಮ ಮೀಟರ್ 60 ತೋರಿಸುವಾಗ ಗಾಡಿ ಓಡುತ್ತಿರುವುದು 57ರಲ್ಲಿ. ಇದನ್ನೂ ನೆನಪಿಡಿ.

ಈಗ ಎರಡು ಸುತ್ತಿನ ವಿಷಯ. ಪದ್ಮಿನಿಯ ಮುಂದಿನ ಚಕ್ರ ಮೇಲೊಂದು ಕೆಳಗೊಂದು ತೋಳಿನ ಮೇಲೆ ನಿಂತಿದೆ. ಚಕ್ರ ಇರುವುದು ತೋಳಿನ ತುದಿಯಲ್ಲಿ, ಸ್ಪ್ರಿಂಗ್ ಕೂರುವುದು ನಡುವೆ ಎಲ್ಲೋ. ಬಾವಿಯ ಏತದ ಹಾಗೆ, ನಡುವೆ ಒಂದು ಇಂಚು ಆಡಿದರೆ ತುದಿಯಲ್ಲಿ ಎರಡು ಇಂಚಿನ ಹತ್ತಿರ ಆಡುತ್ತದೆ. ಹಾಗಾಗಿ ಸ್ಪ್ರಿಂಗಿನಲ್ಲಿ ಎಷ್ಟು ತೆಗೆದಿರೋ ಗಾಡಿ ಅದಕ್ಕಿಂತ ತುಂಬಾ ಜಾಸ್ತಿ ಇಳಿಯುತ್ತದೆ. ಕತ್ತರಿಸುವವರಲ್ಲಿ ಸುಮಾರು ಜನಕ್ಕೆ ಇದು ಅಂದಾಜಿಗೆ ಸಿಗುವುದಿಲ್ಲ.

ಎರಡನೆಯದು, ಸುತ್ತು ಕಡಿಮೆಯಾದರೆ ಸ್ಪ್ರಿಂಗ್ ಗಟ್ಟಿಯಾಗುತ್ತದೆ. ಎಂಟು ಸುತ್ತು ಕೆಲಸ ಮಾಡುವ ಸ್ಪ್ರಿಂಗ್ ಅಂತ ಇಟ್ಟುಕೊಳ್ಳಿ. ಎರಡು ತೆಗೆದರೆ ಆರು ಉಳಿಯಿತು. ಎಂಟನ್ನು ಆರರಿಂದ ಭಾಗಿಸಿ: ಮೂರನೇ ಒಂದು ಪಾಲು ಗಟ್ಟಿಯಾಯಿತು. ಗಟ್ಟಿಯಾದರೆ ಒಳ್ಳೇದೇ ಅಲ್ವಾ ಅನ್ನಬಹುದು. ಆದರೆ ಚಕ್ರ ಮೇಲಕ್ಕೆ ಹೋಗಲು ಇದ್ದ ಜಾಗ ಎಷ್ಟು ಉಳಿಯಿತು ನೋಡಿ. ಹೊಡೆತ ತಡೆಯಲು ಕೊನೆಯಲ್ಲಿ ಇಟ್ಟಿರುವ ಬಂಪ್ ರಬ್ಬರಿಗೆ ತಾಗುವ ಮುಂಚೆ ಮೂರು ಇಂಚು ಇತ್ತು ಅಂದುಕೊಂಡರೆ, ಎರಡು ಇಂಚು ಇಳಿಸಿದ ಮೇಲೆ ಉಳಿದದ್ದು ಒಂದೇ ಇಂಚು. ಅಷ್ಟು ಚಿಕ್ಕ ಜಾಗದಲ್ಲಿ ನಾಲ್ಕು ಜನರ ಭಾರವನ್ನೂ ರಸ್ತೆಯ ಹೊಡೆತವನ್ನೂ ತಡೆಯುವುದಕ್ಕೆ ಮೂರನೇ ಒಂದು ಪಾಲಿನ ಗಟ್ಟಿತನ ಎಲ್ಲಿಯೂ ಸಾಲದು. ರಸ್ತೆಗಳ ಮಾನದಂಡ ಗೊತ್ತುಮಾಡುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಅಳತೆಯ ಪ್ರಕಾರ ರಸ್ತೆ ಹಂಪ್ 10 ಸೆಂ.ಮೀ. ಎತ್ತರ, 3.7 ಮೀಟರ್ ಅಗಲ ಇರಬೇಕು. ನಮ್ಮ ಬೀದಿಗಳಲ್ಲಿ ರಾತ್ರೋರಾತ್ರಿ ಹಾಕುವ ಹಂಪ್‌ಗೆ ಆ ಅಗಲ ಎಲ್ಲಿ ಬರಬೇಕು? ಮೊದಲು ತಾಗುವುದು ಸೈಲೆನ್ಸರ್, ಆಮೇಲೆ ಆಯಿಲ್ ಚೇಂಬರ್.

ಇದನ್ನು ನಾನು ಪುಸ್ತಕ ಓದಿ ಹೇಳುತ್ತಿಲ್ಲ. 1996ರಲ್ಲಿ ನನ್ನ ಸ್ವಂತ ಪದ್ಮಿನಿಗೆ ಮುಂದೆ ಒಂದೂವರೆ ಸುತ್ತು ತೆಗೆಸಿದ್ದೆ. ಮಾರನೇ ಭಾನುವಾರ ಅಮ್ಮ, ಅಕ್ಕ, ಅಕ್ಕನ ಮಗುವನ್ನು ಕೂರಿಸಿಕೊಂಡು ಮೈಸೂರಿನಿಂದ ನಂಜನಗೂಡಿಗೆ ಹೊರಟೆವು. ಊರು ದಾಟುವವರೆಗೆ ಗಾಡಿ ಬಲು ಚೆನ್ನಾಗಿತ್ತು. ತಿರುವಿನಲ್ಲಿ ವಾಲುವುದು ಕಡಿಮೆಯಾಗಿತ್ತು, ನನಗೆ ಖುಷಿಯಾಗಿತ್ತು. ಮುಂದೆ ಟಾರು ಕಿತ್ತುಹೋದ ಒಂದು ಕಡೆ ಎಡಗಡೆ ಚಕ್ರ ಗುಂಡಿಗೆ ಇಳಿಯಿತು. ಚಕ್ರ ಪೂರ್ತಿ ಕೆಳಗೆ ಜೋತುಬಿದ್ದಾಗ ಗಿಡ್ಡ ಸ್ಪ್ರಿಂಗ್ ಸಡಿಲವಾಗಿ ತನ್ನ ಜಾಗದಲ್ಲೇ ತಿರುಗಿತು. ಗುಂಡಿಯಿಂದ ಮೇಲೆ ಬರುವಾಗ ಅದು ಓರೆಯಾಗಿ ಕೂತು ‘ಠಣ್’ ಅಂತ ಒಂದು ಸದ್ದು. ಹಿಂದೆ ಕೂತಿದ್ದ ಅಮ್ಮ ಮಗುವಿನ ತಲೆಗೆ ಕೈ ಅಡ್ಡ ಇಟ್ಟರು.

ಮರದ ಕೆಳಗೆ ಗಾಡಿ ನಿಲ್ಲಿಸಿ ಬಗ್ಗಿ ನೋಡಿದೆ. ಸ್ಪ್ರಿಂಗಿನ ಕತ್ತರಿಸಿದ ತುದಿ ತಾನು ಕೂರಬೇಕಾದ ಕುಳಿಯೊಳಗೆ ಕೂತಿರಲಿಲ್ಲ. ಪಕ್ಕದ ತಗಡನ್ನು ಉಗುರಿನಿಂದ ಗೀರಿದ ಹಾಗೆ ಗೀರಿ, ಹೊಳೆಯುವ ಒಂದು ಗೆರೆ ಎಳೆದಿತ್ತು. ಬಂಪ್ ರಬ್ಬರ್ ಎರಡು ಹೋಳಾಗಿ ಅರ್ಧ ರಸ್ತೆಯಲ್ಲೇ ಉಳಿದಿತ್ತು. ಉಳಿದರ್ಧವನ್ನು ಕೈಯಲ್ಲಿ ಹಿಡಿದರೆ ಇನ್ನೂ ಬೆಚ್ಚಗಿತ್ತು. ಮನೆಯವರನ್ನು ಬಸ್ ಹತ್ತಿಸಿ, ಇಪ್ಪತ್ತರ ವೇಗದಲ್ಲಿ ಗಾಡಿ ವಾಪಸ್ ತಂದೆ. ಮೂರು ತಿಂಗಳಲ್ಲಿ ಮುಂದಿನ ಎರಡೂ ಟೈರಿನ ಒಳ ಅಂಚು ಬೋಳಾಗಿತ್ತು. ಗಾಡಿ ಇಳಿದಾಗ ತೋಳುಗಳ ಓರೆ ಬದಲಾಗಿ ಚಕ್ರದ ತಲೆ ಒಳಕ್ಕೆ ವಾಲುತ್ತದೆ, ಸ್ಟೀರಿಂಗಿನಿಂದ ಚಕ್ರ ತಿರುಗಿಸುವ ಟೈ ರಾಡ್ ಓರೆಯಾಗುತ್ತದೆ. ಅಲೈನ್‌ಮೆಂಟ್ ಮಾಡಿಸದೇ ಬಿಟ್ಟಿದ್ದು ನನ್ನ ತಪ್ಪು.

ಗ್ಯಾಸ್ ಕಟ್ಟರ್‌ನಿಂದ ಕತ್ತರಿಸುವವರ ಹತ್ತಿರ ಅಂತೂ ಗಾಡಿ ಬಿಡಲೇಬೇಡಿ. ಇನ್ನು ಕೆಲವರು ಸ್ಪ್ರಿಂಗನ್ನು ಬಿಚ್ಚದೆ, ಗಾಡಿಯಲ್ಲೇ ಕೆಂಪಗೆ ಕಾಯಿಸಿ ಕೂರಿಸುತ್ತಾರೆ. ಉಕ್ಕಿಗೆ ಕೊಟ್ಟ ಹದ ಆ ಬಿಸಿಗೆ ಹೋಗುತ್ತದೆ. ಆಮೇಲೆ ಅದು ದಿನಾ ಒಂಚೂರು ಕೂರುತ್ತಲೇ ಹೋಗುತ್ತದೆ, ಇಲ್ಲವೇ ಒಂದು ದಿನ ಮುರಿಯುತ್ತದೆ.

ಹಾಗಾದರೆ ಏನು ಮಾಡಬಹುದು? ಅಳತೆ ಕೊಟ್ಟು ಹೊಸ ಸ್ಪ್ರಿಂಗ್ ಸುತ್ತಿಸಿ. ಬೆಂಗಳೂರಿನ ಜೆ.ಸಿ. ರಸ್ತೆ, ಕಲಾಸಿಪಾಳ್ಯದ ಕಡೆ ವಿಚಾರಿಸಿದರೆ ಸ್ಪ್ರಿಂಗ್ ಮಾಡಿಕೊಡುವವರ ದಾರಿ ಸಿಗುತ್ತದೆ. ಚಕ್ರದ ಹತ್ತಿರ ಒಂದು ಇಂಚು ಇಳಿಯುವಷ್ಟು, ಸ್ವಲ್ಪ ಗಟ್ಟಿ, ತುದಿ ಹಳೇದರ ಹಾಗೇ ಕೂರಬೇಕು ಅಂತ ಹೇಳಿ. ಎಡ, ಬಲ ಎರಡನ್ನೂ ಒಟ್ಟಿಗೇ ಮಾಡಿಸಿ. ಬಿಚ್ಚುವಾಗ ಸ್ಪ್ರಿಂಗ್ ಹಿಡಿದುಕೊಳ್ಳುವ ಕಂಪ್ರೆಸರ್ ಇಲ್ಲದೆ ಯಾರನ್ನೂ ಕೈ ಹಾಕಲು ಬಿಡಬೇಡಿ. ಒತ್ತಿ ಕೂರಿಸಿರುವ ಸ್ಪ್ರಿಂಗ್ ಜಾರಿದರೆ ಕೈ ಮುರಿಯುತ್ತದೆ. ಅದೇ ಹೊತ್ತಿಗೆ ಮುಂದಿನ ಚಕ್ರ ಎಡಬಲ ತಿರುಗುವ ಕಿಂಗ್ ಪಿನ್ ಸಡಿಲವಾಗಿದೆಯಾ ನೋಡಿಸಿ, ಶಾಕ್ ಅಬ್ಸಾರ್ಬರ್ ಮತ್ತು ಬಂಪ್ ರಬ್ಬರ್ ಹೊಸದು ಹಾಕಿಸಿ. ತಾತನ ಕಾಲದ ಸ್ಪ್ರಿಂಗ್ ಎಣ್ಣೆ ಹಚ್ಚಿ, ಗೋಣಿ ಸುತ್ತಿ, ಅಟ್ಟದ ಮೇಲಿಡಿ. ಗುಜರಿಗೆ ಕೊಡಬೇಡಿ.

ಹಿಂದೆ ಇರುವುದು ಕಮಾನು ಪಟ್ಟಿ, ಅಂದರೆ ಲೀಫ್ ಸ್ಪ್ರಿಂಗ್. ಅದನ್ನು ಒಳ್ಳೆಯ ಪಟ್ಟಿ ಕೆಲಸದವರು ಬಗ್ಗಿಸಿ ಒಂದು ಇಂಚು ಇಳಿಸಿಕೊಡುತ್ತಾರೆ. ಆಕ್ಸಲ್‌ಗೂ ಪಟ್ಟಿಗೂ ನಡುವೆ ಬ್ಲಾಕ್ ಇಟ್ಟು ಉದ್ದದ ಯು-ಬೋಲ್ಟ್ ಹಾಕುವುದೂ ಇದೆ. ಅದಕ್ಕೆ ಮುಂಚೆ ಕೆಳಗೆ ಮಲಗಿ ನೋಡಿ. ಆಕ್ಸಲ್ ಪಟ್ಟಿಯ ಮೇಲೆ ಕೂತಿದ್ದರೆ ಬ್ಲಾಕ್ ಗಾಡಿಯನ್ನು ಇಳಿಸುತ್ತದೆ. ಪಟ್ಟಿ ಆಕ್ಸಲ್ ಮೇಲಿರುವ ಗಾಡಿಗೆ ಅದೇ ಬ್ಲಾಕ್ ಇಟ್ಟರೆ ಗಾಡಿ ಏರುತ್ತದೆ! ಹೀಗೆ ಇಟ್ಟು ತಲೆ ಕೆರೆದುಕೊಂಡವರನ್ನು ಕಂಡಿದ್ದೇನೆ.

ಏರ್ ಸಸ್ಪೆನ್ಷನ್ ಬಗ್ಗೆ ನನಗೆ ಗೌರವ ಇದೆ. ರಬ್ಬರ್ ಚೀಲದೊಳಗಿನ ಗಾಳಿಯೇ ಭಾರ ಹೊರುತ್ತದೆ. ಆರು ಇಂಚು ಅಗಲದ ಚೀಲಕ್ಕೆ 50 ಪಿಎಸ್‌ಐ ಗಾಳಿ ತುಂಬಿದರೆ ಲೆಕ್ಕದ ಪ್ರಕಾರ ಅದು 600 ಕಿಲೋ ಮೇಲೆ ಎತ್ತುತ್ತದೆ. ನಿಲ್ಲಿಸಿದಾಗ ಇಳಿಸಿ, ಹಂಪ್ ಬಂದಾಗ ಏರಿಸಿ. ನಿಮ್ಮ ಆಸೆಗೂ ನಮ್ಮ ರಸ್ತೆಗೂ ಎರಡಕ್ಕೂ ಹೊಂದುವುದು ಅದೊಂದೇ. ಆದರೆ ಪದ್ಮಿನಿಯಲ್ಲಿ ಮೂರು ತೊಡಕು ಇದೆ. ಡೈನಮೋ ಇರುವ ಗಾಡಿಯಾದರೆ ಗಾಳಿ ತುಂಬುವ ಕಂಪ್ರೆಸರ್ ಎಳೆಯುವ ಕರೆಂಟ್ ಅದಕ್ಕೆ ಹೊರೆ, ಮೊದಲು ಹೆಚ್ಚು ಕರೆಂಟ್ ಕೊಡುವ ಆಲ್ಟರ್ನೇಟರ್ ಬೇಕು. ಇನ್ನು, ಹಿಂದಿನ ಪಟ್ಟಿ ಭಾರ ಹೊರುವುದಷ್ಟೇ ಅಲ್ಲ, ಆಕ್ಸಲ್ ಹಿಂದೆಮುಂದೆ ಹೋಗದಂತೆ ಹಿಡಿದುಕೊಂಡಿರುವುದೂ ಅದೇ. ಪಟ್ಟಿ ತೆಗೆದು ಚೀಲ ಇಟ್ಟರೆ ಆಕ್ಸಲ್ ಹಿಡಿಯಲು ಬೇರೆ ತೋಳುಗಳನ್ನು ಗಾಡಿಯ ಬಾಡಿಯ ಮೇಲೆ ವೆಲ್ಡ್ ಮಾಡಬೇಕು. ಪದ್ಮಿನಿಗೆ ಬೇರೆ ಚಾಸಿ (ಅಡಿಯ ಚೌಕಟ್ಟು) ಇಲ್ಲ, ತಗಡಿನ ಬಾಡಿಯೇ ಚಾಸಿ. ಐವತ್ತು ವರ್ಷದ ತಗಡಿನ ಮೇಲೆ ಆ ವೆಲ್ಡಿಂಗ್ ನನಗೆ ಭಯ. ಮೂರನೆಯದು, ಚೀಲ ಯಾವ ತಿರುವಿನಲ್ಲೂ ತೋಳಿಗೋ ಪೈಪಿಗೋ ಉಜ್ಜಬಾರದು. ಉಜ್ಜಿದ ಚೀಲ ಒಡೆದರೆ ಆ ಮೂಲೆ ಒಮ್ಮೆಲೇ ಕುಸಿಯುತ್ತದೆ.

ಕಾನೂನನ್ನೂ ನೋಡಿ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ಅಳತೆಯಿಂದ ಗಾಡಿಯನ್ನು ಸುಮ್ನೆ ಬದಲಾಯಿಸುವ ಹಾಗಿಲ್ಲ. 2019ರ ತಿದ್ದುಪಡಿ ಆದ ಮೇಲೆ ಒಪ್ಪಿಗೆ ಇಲ್ಲದ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ ಆಗಬಹುದು. ನಿಮ್ಮ ಗಾಡಿಗೆ ಇನ್ನೊಂದು ವಿಷಯ ಮುಖ್ಯ. ಮೊದಲ ನೋಂದಣಿಯಾಗಿ 50 ವರ್ಷ ದಾಟಿದ ಗಾಡಿಗೆ 2021ರ ನಿಯಮದಲ್ಲಿ ವಿಂಟೇಜ್ ನೋಂದಣಿ ಸಿಗುತ್ತದೆ. ಶುಲ್ಕ 20,000 ರೂಪಾಯಿ, ಹತ್ತು ವರ್ಷದ ಅವಧಿ, ನಂಬರಿನಲ್ಲಿ ‘ವಿಎ’ ಅಂತ ಬರುತ್ತದೆ. ಆದರೆ ಚಾಸಿ, ಬಾಡಿ, ಎಂಜಿನ್ ಮೂಲದಂತೆ ಇರಬೇಕು. ಆ ನಂಬರ್ ತಗೊಂಡರೆ ದಿನನಿತ್ಯ ಓಡಿಸುವ ಹಾಗೂ ಇಲ್ಲ. ತಾತನ 1974ರ ಗಾಡಿ ಆ ಹೊಸ್ತಿಲು ದಾಟಿದೆ. ನಾನಾಗಿದ್ದರೆ ಬಾಡಿಯಲ್ಲಿ ಒಂದು ತೂತೂ ಕೊರೆಸುತ್ತಿರಲಿಲ್ಲ. ಅಳತೆ ಬರೆದು ಕಳಿಸಿ, ಸ್ಪ್ರಿಂಗ್ ಎಷ್ಟು ಉದ್ದ ಬೇಕು ಅಂತ ಒಟ್ಟಿಗೆ ಲೆಕ್ಕ ಹಾಕೋಣ.

ಪ್ರಶ್ನೆ: ಅಣ್ಣ, ನನ್ನದು 1982ರ ಅಂಬಾಸಿಡರ್. ಮುಂದೆ ಇಳಿಸಬೇಕು ಅಂತ ಚಕ್ರ ಬಿಚ್ಚಿದೆ. ಸ್ಪ್ರಿಂಗ್ ಎಲ್ಲಿದೆ ಅಂತಲೇ ಗೊತ್ತಾಗಲಿಲ್ಲ!
– ಓದುಗರು, ಹಾಸನ

ಉತ್ತರ: ಸುರುಳಿ ಸ್ಪ್ರಿಂಗ್ ಅಲ್ಲಿ ಇಲ್ಲ, ಹುಡುಕಬೇಡಿ. ನಿಮ್ಮ ಗಾಡಿಯ ಮೂಲ ಮೋರಿಸ್ ಆಕ್ಸ್‌ಫರ್ಡ್ ಸೀರೀಸ್ 3. ಅದರಲ್ಲಿ ಮುಂದಿನ ಚಕ್ರದಿಂದ ಹಿಂದಕ್ಕೆ, ಗಾಡಿಯ ಉದ್ದಕ್ಕೂ ಒಂದೊಂದು ಉಕ್ಕಿನ ಸರಳು ಮಲಗಿದೆ. ಅದಕ್ಕೆ ಟಾರ್ಷನ್ ಬಾರ್ ಅನ್ನುತ್ತಾರೆ. ಒದ್ದೆ ಬಟ್ಟೆ ಹಿಂಡಿದ ಹಾಗೆ ಆ ಸರಳು ತಿರುಚಿಕೊಂಡೇ ಭಾರ ಹೊರುತ್ತದೆ. ಕತ್ತರಿಸುವುದಕ್ಕೆ ಅಲ್ಲಿ ಏನೂ ಇಲ್ಲ, ದೇವರ ದಯೆ. ತುದಿಯಲ್ಲಿರುವ ಹಲ್ಲುಗಳನ್ನು ಬಿಡಿಸಿ, ಬೇರೆ ಹಲ್ಲಿಗೆ ಕೂರಿಸಿದರೆ ಎತ್ತರ ಬದಲಾಗುತ್ತದೆ. ಬಿಚ್ಚುವ ಮುಂಚೆ ಸುಣ್ಣದ ಕಡ್ಡಿಯಿಂದ ಗುರುತು ಮಾಡಿ, ಎಡದ ಬಾರನ್ನು ಬಲಕ್ಕೆ ಹಾಕಬೇಡಿ. ವರ್ಷಾನುಗಟ್ಟಲೆ ಒಂದೇ ಕಡೆ ತಿರುಚಿಕೊಂಡ ಸರಳು ಅದು. ಎರಡೂ ಕಡೆ ಒಂದೇ ಸಮ ಇಳಿಸಿ, ಒಂದು ಇಂಚಿಗಿಂತ ಜಾಸ್ತಿ ಇಳಿಸಬೇಡಿ.

ಪ್ರಶ್ನೆ: ಸರ್, ನಾವು ಸ್ಯಾನ್ ಹೋಸೆಯಲ್ಲಿದ್ದೇವೆ. ನಮ್ಮ ಬೀದಿಯಲ್ಲಿ ಒಬ್ಬರು 1964ರ ಇಂಪಾಲಾವನ್ನು ಬಟನ್ ಒತ್ತಿ ಕುಣಿಸುತ್ತಾರೆ. ಅದೂ ಏರ್ ಸಸ್ಪೆನ್ಷನ್ನಾ?
– ಓದುಗರು, ಕ್ಯಾಲಿಫೋರ್ನಿಯಾ

ಉತ್ತರ: ಹಾಗೆ ಚಂಗನೆ ಕುಣಿಯುವುದಾದರೆ ಅದು ಹೈಡ್ರಾಲಿಕ್. ಗಾಳಿ ಒತ್ತಿದರೆ ಕುಗ್ಗುತ್ತದೆ, ಅದಕ್ಕೇ ಮೆತ್ತಗೆ ಏರುತ್ತದೆ. ಎಣ್ಣೆ ಕುಗ್ಗುವುದಿಲ್ಲ, ಪಂಪ್ ತಳ್ಳಿದ ಕೂಡಲೇ ಗಾಡಿ ನೆಗೆಯುತ್ತದೆ. 1958ರಲ್ಲಿ ನಿಮ್ಮ ರಾಜ್ಯದಲ್ಲಿ ಒಂದು ಕಾನೂನು ಬಂತು, 2024ರಿಂದ ಅದು ರದ್ದಾಗಿದೆ. ಗಾಡಿಯ ಯಾವ ಭಾಗವೂ ರಿಮ್ಮಿನ ಕೆಳ ಅಂಚಿಗಿಂತ ತಗ್ಗಿರಬಾರದು ಅಂತ. 1959ರಲ್ಲಿ ರಾನ್ ಅಗಿರೆ ಅನ್ನುವವರು ತಮ್ಮ ಕಾರ್ವೆಟ್‌ಗೆ ವಿಮಾನದ ಹಳೇ ಹೈಡ್ರಾಲಿಕ್ ಪಂಪ್ ಹಾಕಿದರು. ಪೊಲೀಸರು ಕಂಡರೆ ಮೇಲೆ, ಹೋದ ಮೇಲೆ ಕೆಳಗೆ. ಸ್ಪ್ರಿಂಗ್ ಕತ್ತರಿಸಿಕೊಂಡಿದ್ದವರಿಗೆ ಆ ಅನುಕೂಲ ಇರಲಿಲ್ಲ. ಅಂಥ ಗಾಡಿಗಳು ಮೆಲ್ಲಗೆ ಸಾಲಾಗಿ ಸುತ್ತುವುದರ ಮೇಲಿದ್ದ ನಿಷೇಧವನ್ನು ನಿಮ್ಮ ಊರು 2022ರಲ್ಲಿ ತೆಗೆದಿದೆ. ಆ ನೆರೆಯವರನ್ನು ಮಾತಾಡಿಸಿ, ಡಿಕ್ಕಿ ತೆಗೆದು ತೋರಿಸಿ ಅಂತ ಕೇಳಿ. ಒಳಗೆ ಪಂಪ್ ಓಡಿಸುವ ಬ್ಯಾಟರಿಗಳು ಸಾಲಾಗಿ ಕಂಡರೆ ಎಷ್ಟಿವೆ ಅಂತ ಎಣಿಸಿ ನನಗೂ ಬರೆಯಿರಿ.