ಲೈಸೆನ್ಸ್ ಇರುವ ಬಂದೂಕಿನಿಂದ ತೋಟದ ಕಳ್ಳನಿಗೆ ಗುಂಡು ಹೊಡೆಯಬಹುದಾ?

ಸುಮ್ನೆ ಕಾಯಿ ಕದಿಯೋಕೆ ಬಂದವನಿಗಾದರೆ, ಇಲ್ಲ. ನಿಮಗೋ ಇನ್ನೊಬ್ಬರಿಗೋ ಸಾವು, ತೀವ್ರ ಗಾಯ, ಅತ್ಯಾಚಾರ, ಆಸಿಡ್ ದಾಳಿ, ಇಂಥ ಅಪಾಯ ಎದುರಿಗೇ ಇದ್ದಾಗ ಜೀವ ಹೋಗುವಂಥ ಏಟಿಗೂ ಕಾನೂನು ಅವಕಾಶ ಕೊಡುತ್ತದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಅಪರಾಧ ಕಾನೂನು, ಅಂದರೆ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರವರೆಗಿನ ಸೆಕ್ಷನ್‌ಗಳಲ್ಲಿ ಇದೆಲ್ಲ ಇದೆ.

ಲೈಸೆನ್ಸ್ ಅಂದರೆ ಬಂದೂಕು ಇಟ್ಟುಕೊಳ್ಳೋಕೆ ಅನುಮತಿ, ಅಷ್ಟೇ. ಆತ್ಮರಕ್ಷಣೆಯ ಹಕ್ಕು ದೊಣ್ಣೆ ಹಿಡಿದವನಿಗೂ ಬಂದೂಕು ಹಿಡಿದವನಿಗೂ ಒಂದೇ.

ಶ್ರೀನಿವಾಸಪುರದ ಕಡೆ ಒಂದು ಮಾವಿನ ತೋಟ ಅಂದುಕೊಳ್ಳಿ. ರಾತ್ರಿ ಎರಡು ಗಂಟೆ. ಮರದ ಕೆಳಗೆ ಒಬ್ಬ ಗೋಣಿಚೀಲಕ್ಕೆ ಕಾಯಿ ತುಂಬುತ್ತಿದ್ದಾನೆ. ಟಾರ್ಚ್ ಬಿಟ್ಟು ಕೂಗಬಹುದು, ಹಿಡಿಯಬಹುದು, ಕೊಲ್ಲುವಂತಿಲ್ಲ. ಅವನೇ ಮಚ್ಚು ಎತ್ತಿ ನಿಮ್ಮ ಮೇಲೆ ಬಂದರೆ ಲೆಕ್ಕ ಬೇರೆ. ಮಚ್ಚು ಬಿಸಾಕಿ ಬೇಲಿ ಹಾರಿ ಓಡಿದನಾ? ಅಪಾಯ ಮುಗಿಯಿತು, ಗುಂಡು ಹೊಡೆಯುವ ಹಕ್ಕೂ ಮುಗಿಯಿತು. ಬೆನ್ನಿಗೆ ಬಿದ್ದ ಗುಂಡನ್ನು ಆತ್ಮರಕ್ಷಣೆ ಅಂತ ಕೋರ್ಟಿಗೆ ಒಪ್ಪಿಸುವುದು ಬಹಳ ಕಷ್ಟ, ಅಲ್ವಾ? ಒಪ್ಪಿಸುವ ಹೊಣೆಯೂ ನಿಮ್ಮದೇ.

ಈ ಹಕ್ಕು ಇರುವುದು ಅಪಾಯ ತಡೆಯಲು, ಶಿಕ್ಷೆ ಕೊಡಲು ಅಲ್ಲ. ಅದಕ್ಕೇ ಬೇಕಾದ್ದಕ್ಕಿಂತ ಜಾಸ್ತಿ ಬಲ ಬಳಸುವಂತಿಲ್ಲ. ಪೊಲೀಸರ ನೆರವು ಪಡೆಯಲು ಸಮಯವಿದ್ದರೆ ಈ ಹಕ್ಕೇ ಇಲ್ಲ.

ಆಸ್ತಿ ವಿಷಯದಲ್ಲಿ ದರೋಡೆ, ರಾತ್ರಿ ಹೊತ್ತು ಮನೆಗೆ ಕನ್ನ, ವಾಸದ ಮನೆಗೆ ಬೆಂಕಿ ಇಡುವುದು, ಇಂಥ ಕೆಲವಕ್ಕೆ ಮಾತ್ರ ಕಾನೂನು ಜೀವ ತೆಗೆಯುವಷ್ಟು ದೂರ ಹೋಗಲು ಬಿಡುತ್ತದೆ. ಒಂದು ಚೀಲ ಮಾವಿನಕಾಯಿ ಆ ಪಟ್ಟಿಯಲ್ಲಿಲ್ಲ.