ರಿಪೇರಿ ಮಾಡಿದ ಡೇಟಾಬೇಸ್ ಮತ್ತೆ ಯಾಕೆ ಕೆಡುತ್ತದೆ?

ಪ್ರಶ್ನೆ: ಕಲಬುರಗಿಯ ಕಪನೂರಿನಲ್ಲಿ ನಮ್ಮ ದಾಲ್ ಮಿಲ್ ಇದೆ. ಬಿಲ್ಲಿಂಗ್ ಎಲ್ಲ ಎಸ್‌ಕ್ಯೂಎಲ್ ಸರ್ವರ್ ಡೇಟಾಬೇಸ್‌ನಲ್ಲಿ. ಎರಡು ತಿಂಗಳಿಗೊಮ್ಮೆ 824 ಎರರ್ ಬರುತ್ತದೆ. ಟೆಕ್ನಿಷಿಯನ್ ರಿಪೇರಿ ಮಾಡಿ ಹೋಗುತ್ತಾರೆ, ಒಂದಿಷ್ಟು ತೊಗರಿ ಖರೀದಿ ಬಿಲ್ ಕಾಣೆಯಾಗುತ್ತವೆ. ಸಾಫ್ಟ್‌ವೇರ್ ಬದಲಿಸಬೇಕೇ?

ಬೇಡ. ಇದೇ ಪ್ರಶ್ನೆ ಗಂಜ್‌ನ ಅಡತಿ ಅಂಗಡಿಗಳಿಂದಲೂ ಬರುತ್ತಲೇ ಇರುತ್ತದೆ. ರಿಪೇರಿ ಹೇಗೆ ಮಾಡಿದರು ಅಂತ ಕೇಳಿದರೆ ಉತ್ತರ ಒಂದೇ: 'ರಿಪೇರಿ ಅಲೋ ಡೇಟಾ ಲಾಸ್'. ಡೇಟಾ ಹೋದರೂ ಪರವಾಗಿಲ್ಲ ಅಂತ ಹೆಸರಿನಲ್ಲೇ ಇದೆ. ಅದು ಕೆಟ್ಟ ಪೇಜನ್ನು, ಅಂದರೆ ಡೇಟಾ ಇಟ್ಟ ತುಂಡನ್ನು, ಸಾಮಾನ್ಯವಾಗಿ ಕಿತ್ತು ಹಾಕುತ್ತದೆ. ನಿಮ್ಮ ಬಿಲ್ ಹೋದದ್ದು ಹೀಗೆ. ಎಲ್ಲ ದಾರಿ ಮುಚ್ಚಿದ ಮೇಲೆ ಬಳಸುವ ಆಯ್ಕೆಯನ್ನು ಮೊದಲೇ ಒತ್ತುವವರ ಕೈಗೆ ಸರ್ವರ್ ಕೊಡಬೇಡಿ.

ಎಸ್‌ಕ್ಯೂಎಲ್ ಸರ್ವರ್ ಡೇಟಾವನ್ನು 8 ಕೆಬಿ ಪೇಜ್‌ಗಳಲ್ಲಿ ಇಡುತ್ತದೆ. ಬರೆಯುವಾಗ ಚೆಕ್‌ಸಮ್ (ಪೇಜಿನ ಡೇಟಾದಿಂದ ಲೆಕ್ಕ ಹಾಕಿದ ಸಂಖ್ಯೆ) ಹಾಕುತ್ತದೆ, ಓದುವಾಗ ತಾಳೆ ನೋಡುತ್ತದೆ. ತಾಳೆಯಾಗದಿದ್ದರೆ 824. ಅಂದರೆ ಬರೆದದ್ದು ಒಂದು, ವಾಪಸ್ ಬಂದದ್ದು ಇನ್ನೊಂದು. ತಪ್ಪು ಸಾಮಾನ್ಯವಾಗಿ ಕೆಳಗಿರುತ್ತದೆ: ಡಿಸ್ಕ್, ಕೇಬಲ್, ಕಂಟ್ರೋಲರ್, ರ್‍ಯಾಮ್, ಕರೆಂಟ್. ಅದನ್ನು ಹಿಡಿಯುವವರೆಗೆ ಎಷ್ಟು ರಿಪೇರಿ ಮಾಡಿದರೂ ಸುಮ್ನೆ.

ಎರರ್ ಬಂದ ದಿನಾಂಕಗಳನ್ನು ಕರೆಂಟ್ ಹೋದ ದಿನಗಳ ಜೊತೆ ಇಟ್ಟು ನೋಡಿ. ಹೊಂದಿದರೆ ಯುಪಿಎಸ್ ಬ್ಯಾಟರಿ ಪರೀಕ್ಷಿಸಿ. ನಮ್ಮ ಮೇ ತಿಂಗಳ ಬಿಸಿಲಿಗೆ ಬ್ಯಾಟರಿ ಬೇಗ ಸಾಯುತ್ತದೆ. ಹಲವು ರೇಡ್ ಕಂಟ್ರೋಲರ್ (ಡಿಸ್ಕುಗಳನ್ನು ಒಟ್ಟಿಗೆ ನಡೆಸುವ ಕಾರ್ಡ್) ಮೇಲೂ ಒಂದು ಬ್ಯಾಟರಿ ಇರುತ್ತದೆ, ಅದನ್ನು ಯಾರೂ ನೋಡುವುದೇ ಇಲ್ಲ. ಅದು ಸತ್ತಿದ್ದೂ ರೈಟ್ ಕ್ಯಾಶ್ (ಡಿಸ್ಕಿಗೆ ಹೋಗುವ ಮೊದಲು ಡೇಟಾ ನಿಲ್ಲುವ ಮೆಮೊರಿ) ಆನ್ ಇದ್ದರೆ, ಕರೆಂಟ್ ಹೋದ ಕ್ಷಣ ಕ್ಯಾಶ್‌ನಲ್ಲಿದ್ದದ್ದು ಹೋಯಿತು. ಆಮೇಲೆ ಡಿಸ್ಕಿನ ಸ್ಮಾರ್ಟ್ ರಿಪೋರ್ಟ್ (ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಡುವ ಲೆಕ್ಕ) ನೋಡಿ: 5 ಮತ್ತು 197 ನಂಬರಿನ ಸಾಲಿನ ಎಣಿಕೆ ಏರುತ್ತಿದ್ದರೆ ಡಿಸ್ಕ್ ಬದಲಿಸಿ. 199 ಏರುತ್ತಿದ್ದರೆ ಮೊದಲು ಕೇಬಲ್ ನೋಡಿ. ನಾನು ಕಂಡ ಒಂದು ಮಿಲ್‌ನಲ್ಲಿ ವೈರಸ್ ಅಂತ ಹೇಳಿ ಮೂರು ಸಲ ಫಾರ್ಮ್ಯಾಟ್ ಹೊಡೆದಿದ್ದರು. ಪ್ರತಿ ಸಲವೂ ದುಡ್ಡು. ಕೊನೆಗೆ ಕೇಬಲ್ ಬದಲಿಸಿದೆವು, ತೊಂದರೆ ನಿಂತಿತು. ಡಿಸ್ಕ್ ಚೆನ್ನಾಗಿದ್ದರೆ ಒಂದು ರಾತ್ರಿ ಪೂರ್ತಿ ರ್‍ಯಾಮ್ ಟೆಸ್ಟ್ ಓಡಿಸಿ. ಮತ್ತೆ, ಬೇಳೆ ಒಡೆಯುವ ಜಾಗದ ಪಕ್ಕ ಸರ್ವರ್ ಇಡಬೇಡಿ. ಆ ಹೊಟ್ಟಿನ ಧೂಳು ಫ್ಯಾನ್ ಕಟ್ಟಿಬಿಡುತ್ತದೆ.

ಮುಂದಿನ ಸಲ ಎರರ್ ಬಂದರೆ ಯಾರನ್ನೂ ರಿಪೇರಿ ಮಾಡಲು ಬಿಡಬೇಡಿ. ಸರ್ವಿಸ್ ನಿಲ್ಲಿಸಿ ಫೈಲುಗಳನ್ನು ಬೇರೆ ಡಿಸ್ಕಿಗೆ ನಕಲು ಮಾಡಿ. ಆಮೇಲೆ ಚೆಕ್‌ಡಿಬಿ (ಡೇಟಾಬೇಸ್ ಪರೀಕ್ಷಿಸುವ ಆಜ್ಞೆ) ಓಡಿಸಿ ಅದರ ಉತ್ತರ ಪೂರ್ತಿ ಓದಿ. ತೋರಿಸಿದ ಇಂಡೆಕ್ಸ್ ಐಡಿ ಎಲ್ಲ 1ಕ್ಕಿಂತ ಜಾಸ್ತಿ ಇದ್ದರೆ ನಿಮ್ಮ ಅದೃಷ್ಟ, ಕೆಟ್ಟದ್ದು ಬೇಗ ಹುಡುಕಲು ಕಟ್ಟಿದ ಪಟ್ಟಿ ಮಾತ್ರ: ಆ ಇಂಡೆಕ್ಸ್ ಅಳಿಸಿ ಮತ್ತೆ ಕಟ್ಟಿದರೆ ಸಾಮಾನ್ಯವಾಗಿ ಸಾಕು, ಒಂದು ಬಿಲ್ಲೂ ಹೋಗುವುದಿಲ್ಲ. 0 ಅಥವಾ 1 ಇದ್ದರೆ ಕೆಟ್ಟದ್ದು ಡೇಟಾವೇ, ಬ್ಯಾಕಪ್‌ನಿಂದಲೇ ತರಬೇಕು. ಆ ಬ್ಯಾಕಪ್ಪನ್ನು ಬೇರೆ ಯಂತ್ರದಲ್ಲಿ ತೆರೆದು ಚೆಕ್‌ಡಿಬಿ ಓಡಿಸಿ ನೋಡಿರಬೇಕು. ನೋಡದ ಬ್ಯಾಕಪ್ಪನ್ನು ನಾನು ಬ್ಯಾಕಪ್ ಅನ್ನುವುದಿಲ್ಲ.

ಪ್ರಶ್ನೆ: ರೇಡ್ 1 ಇದೆ. ಬ್ಯಾಕಪ್ ಬೇಕಾ? (ಬೀದರ್)

ಬೇಕು. ರೇಡ್ 1 ಎರಡು ಡಿಸ್ಕಿನಲ್ಲಿ ಒಂದೇ ಡೇಟಾ ಇಡುತ್ತದೆ, ಕೆಟ್ಟ ಪೇಜನ್ನೂ ಎರಡೂ ಡಿಸ್ಕಿಗೆ ಬರೆಯುತ್ತದೆ.

ಪ್ರಶ್ನೆ: ಎಸ್‌ಕ್ಯೂಲೈಟ್ (ಒಂದೇ ಫೈಲಿನ ಡೇಟಾಬೇಸ್) ಫೈಲನ್ನು ಶೇರ್ಡ್ ಫೋಲ್ಡರ್‌ನಲ್ಲಿಟ್ಟು ನಾಲ್ವರು ಬಳಸಬಹುದಾ? (ಯಾದಗಿರಿ)

ಬೇಡ. ಒಬ್ಬರು ಬರೆಯುವಾಗ ಇನ್ನೊಬ್ಬರನ್ನು ತಡೆಯುವ ಫೈಲ್ ಲಾಕನ್ನು ನೆಟ್‌ವರ್ಕ್ ಮೇಲೆ ನಂಬುವಂತಿಲ್ಲ.

ಪ್ರಶ್ನೆ: ಮೈಎಸ್‌ಕ್ಯೂಎಲ್ ಶುರುವಾಗುತ್ತಿಲ್ಲ. ಇನ್ನೋಡಿಬಿ ಫೋರ್ಸ್ ರಿಕವರಿ (ಕೆಟ್ಟ ಡೇಟಾಬೇಸನ್ನು ಬಲವಂತವಾಗಿ ತೆರೆಯುವ ಸೆಟ್ಟಿಂಗ್) 6 ಹಾಕಿ ಅನ್ನುತ್ತಾರೆ.

ಹಾಗೆ ಹೇಳಿದವರನ್ನು ಕಳಿಸಿಬಿಡಿ. 4 ಮತ್ತು ಅದಕ್ಕಿಂತ ಮೇಲಿನದು ಫೈಲನ್ನು ಶಾಶ್ವತವಾಗಿ ಕೆಡಿಸಬಹುದು. ಮೊದಲು ನಕಲು ಮಾಡಿಟ್ಟುಕೊಳ್ಳಿ. 1ರಿಂದ ಶುರು ಮಾಡಿ, ತೆರೆದ ಕೂಡಲೇ ಡಂಪ್ (ಡೇಟಾದ ಹೊರನಕಲು) ತೆಗೆದುಕೊಳ್ಳಿ.